ಬ್ಯಾಂಕ್ ಹಾಲಿಡೇ ಬಂತು, ಈ ಸಲ ಲಂಡನ್ನಿನಲ್ಲೇ ಇರಿ

ಇಂಗ್ಲೆಂಡಿನಲ್ಲಿ ವರ್ಷಕ್ಕೆ 8 ಬ್ಯಾಂಕ್ ಹಾಲಿಡೇಗಳು, ಅಂದರೆ ಸಾರ್ವಜನಿಕ ರಜೆಗಳು. ಅವುಗಳಲ್ಲಿ ಮೇ ತಿಂಗಳ ಮೊದಲ ಸೋಮವಾರ, ಕೊನೆಯ ಸೋಮವಾರ ಮತ್ತು ಆಗಸ್ಟ್‌ನ ಕೊನೆಯ ಸೋಮವಾರ ಶನಿವಾರ, ಭಾನುವಾರದ ಜೊತೆಗೇ ಸಿಗುತ್ತವೆ. ಹೊಸದಾಗಿ ಬಂದವರಿಗೆ ಆ ಮೂರು ದಿನ ಎಲ್ಲಾದರೂ ದೂರ ಹೋಗಲೇಬೇಕು ಅನ್ನಿಸುತ್ತದೆ. ಆದರೆ ಆಗ ಮೋಟರ್‌ವೇ ತುಂಬಿರುತ್ತದೆ, ಹೋಟೆಲ್ ದರ ಏರಿರುತ್ತದೆ. ರೈಲ್ವೆಯವರು ಹಳಿ ರಿಪೇರಿಯಂಥ ದೊಡ್ಡ ಕೆಲಸಗಳಿಗೆ ಇದೇ ರಜೆಗಳನ್ನು ಆರಿಸಿಕೊಳ್ಳುತ್ತಾರೆ. ರೈಲಿನ ಬದಲು ಬಸ್ಸು ಹತ್ತಿಸಿದರೆ ಅರ್ಧ ದಿನ ದಾರಿಯಲ್ಲೇ ಹೋಗುತ್ತದೆ. ಅದಕ್ಕೇ ಹೇಳುತ್ತೇನೆ, ಮೊದಲ ವರ್ಷ ಒಂದು ಲಾಂಗ್ ವೀಕೆಂಡನ್ನಾದರೂ ಲಂಡನ್ನಿನಲ್ಲೇ ಕಳೆಯಿರಿ. ಪುಸ್ತಕ, ಮ್ಯೂಸಿಯಂ, ಸಿನಿಮಾ ಅಂತ ನಿಧಾನವಾಗಿ.

ಪುಸ್ತಕದ ಏರ್ಪಾಡು ಮೊದಲೇ ಮಾಡಿಕೊಳ್ಳಿ. ಬ್ಯಾಂಕ್ ಹಾಲಿಡೇ ಸೋಮವಾರ ಕೌನ್ಸಿಲ್ (ಸ್ಥಳೀಯ ಆಡಳಿತ) ಲೈಬ್ರರಿಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ, ಭಾನುವಾರವೂ ಹಲವು ತೆರೆಯುವುದಿಲ್ಲ. ಸದಸ್ಯತ್ವಕ್ಕೆ ದುಡ್ಡಿಲ್ಲ. ಮಕ್ಕಳಿಗೂ ಅವರದೇ ಕಾರ್ಡ್ ಮಾಡಿಸಿ, ಅವರೇ ಆರಿಸಿಕೊಳ್ಳಲಿ. ಆ ಕಾರ್ಡಿನಿಂದಲೇ ನಿಮ್ಮ ಕೌನ್ಸಿಲ್ ಬಳಸುವ ಲಿಬ್ಬಿ ಅಥವಾ ಬಾರೋಬಾಕ್ಸ್ ಆ್ಯಪ್‌ನಲ್ಲಿ ಇ-ಪುಸ್ತಕ, ಆಡಿಯೊ ಪುಸ್ತಕ ಸಿಗುತ್ತವೆ. ಕನ್ನಡ ಪುಸ್ತಕಕ್ಕೆ ಮಾತ್ರ ಊರಿಂದ ಬರುವವರ ಸೂಟ್‌ಕೇಸೇ ಗತಿ. ಓದಿ ಮುಗಿಸಿದ್ದನ್ನು ಕಪಾಟಿನಲ್ಲಿ ಇಟ್ಟುಕೊಳ್ಳಬೇಡಿ, ಹತ್ತಿರದ ಕನ್ನಡದವರಿಗೆ ಕೊಡಿ.

ಇನ್ನು ಮ್ಯೂಸಿಯಂ. ನನಗೆ ಜಾಸ್ತಿ ಹೇಳಬೇಕಿರುವುದು ಇದರ ಬಗ್ಗೆಯೇ. 2001ರ ಡಿಸೆಂಬರಿನಿಂದ ಇಲ್ಲಿನ ರಾಷ್ಟ್ರೀಯ ಮ್ಯೂಸಿಯಂಗಳ ಕಾಯಂ ಸಂಗ್ರಹಗಳಿಗೆ ಪ್ರವೇಶ ಉಚಿತ. ಬ್ರಿಟಿಷ್ ಮ್ಯೂಸಿಯಂ ಅಂತೂ 1759ರಲ್ಲಿ ಬಾಗಿಲು ತೆರೆದಾಗಲೇ ಉಚಿತವಾಗಿತ್ತು. ವಿಶೇಷ ಪ್ರದರ್ಶನಗಳಿಗೆ ಮಾತ್ರ ಟಿಕೆಟ್. ಉಚಿತ ಅಂದರೆ ಬರೀ ದುಡ್ಡು ಉಳಿಯಿತು ಅಂತ ಅಲ್ಲ. ಒಂದು ಗಂಟೆ ಇದ್ದು ಹೊರಗೆ ಬಂದರೂ ನಷ್ಟವಿಲ್ಲ ಅಂತ. ದುಡ್ಡು ಕೊಟ್ಟಿದ್ದೇವಲ್ಲ ಎಂದು ಎಲ್ಲ ಕೋಣೆ ಸುತ್ತುವ ಒತ್ತಡ ಇಲ್ಲಿಲ್ಲ. ಒಂದು ದಿನಕ್ಕೆ ಒಂದೇ ಮ್ಯೂಸಿಯಂ, ಅದರಲ್ಲಿ ಎರಡು ಗ್ಯಾಲರಿ ಸಾಕು. ಒಂದು ಮೂರ್ತಿಯ ಮುಂದೆ ಹತ್ತು ನಿಮಿಷ ಕೂತುಕೊಳ್ಳಿ. ಉಳಿದದ್ದು ಇನ್ನೊಂದು ಸಲ.

ಮಳೆಯ ರಜಾದಿನ, ಹಲವು ಮ್ಯೂಸಿಯಂಗಳಿರುವ ಸೌತ್ ಕೆನ್ಸಿಂಗ್ಟನ್‌ನಲ್ಲಿ ಜನಜಂಗುಳಿ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಇಲ್ಲವೇ ಶುಕ್ರವಾರ ಸಂಜೆ ಕೆಲಸ ಮುಗಿಸಿ ಹಾಗೇ ಹೊರಡಿ. ಆ ದಿನ ಬ್ರಿಟಿಷ್ ಮ್ಯೂಸಿಯಂ ರಾತ್ರಿ ಎಂಟೂವರೆವರೆಗೆ, ವಿ ಆ್ಯಂಡ್ ಎ (ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂ) ಹತ್ತರವರೆಗೆ ತೆರೆದಿರುತ್ತದೆ.

ವಿ ಆ್ಯಂಡ್ ಎ ಸಂಗ್ರಹದಲ್ಲೇ ಟಿಪ್ಪುವಿನ ಮರದ ಹುಲಿ ಇರುವುದು. ಯುರೋಪಿನ ಸಿಪಾಯಿಯ ಮೇಲೆ ಎರಗಿದ ಹುಲಿ, ಒಳಗೆ ಆರ್ಗನ್ ವಾದ್ಯ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅರಮನೆಯಿಂದ ತಂದದ್ದು. ಮೊದಲು ಈಸ್ಟ್ ಇಂಡಿಯಾ ಕಂಪನಿಯ ಮ್ಯೂಸಿಯಂನಲ್ಲಿತ್ತು, 1880ರಲ್ಲಿ ಇಲ್ಲಿಗೆ ಬಂತು. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಆ ಕತೆಯನ್ನು ಮನೆಯಲ್ಲೇ ಹೇಳಿರಿ. ಫಲಕದಲ್ಲಿ ಇರುವುದು ನಾಲ್ಕು ಸಾಲು. ನಮ್ಮ ಊರಿನ ಕತೆ ಅಲ್ವಾ, ಉಳಿದದ್ದನ್ನು ನಾವೇ ಹೇಳಬೇಕು. ದುರಸ್ತಿಗೆಂದು ಗ್ಯಾಲರಿಗಳನ್ನು ಆಗಾಗ ಮುಚ್ಚುತ್ತಾರೆ, ಹೊರಡುವ ಮುಂಚೆ ವೆಬ್‌ಸೈಟ್ ನೋಡಿ. ಇದೇ ಮ್ಯೂಸಿಯಂನವರು 2025ರಲ್ಲಿ ಒಲಿಂಪಿಕ್ ಪಾರ್ಕಿನಲ್ಲಿ ಈಸ್ಟ್ ಸ್ಟೋರ್‌ಹೌಸ್ ತೆರೆದರು. ಗೋದಾಮಿನ ಕಪಾಟುಗಳ ಮಧ್ಯೆಯೇ ಓಡಾಡಬಹುದು. ಎರಡು ವಾರ ಮೊದಲೇ ಬುಕ್ ಮಾಡಿದರೆ, ನೀವು ಕೇಳಿದ ವಸ್ತುವನ್ನು ತೆಗೆದು ಎದುರಿಗೆ ಇಡುತ್ತಾರೆ. ಸೀರೆ, ನೇಯ್ಗೆ ಬಗ್ಗೆ ಆಸಕ್ತಿ ಇರುವವರು ಇದನ್ನು ಬಿಡಲೇಬಾರದು.

ಜನ ಕಡಿಮೆ ಇರುವ ಕಡೆ ಬೇಕಾದರೆ ಟೇಟ್ ಬ್ರಿಟನ್ ಚಿತ್ರಶಾಲೆಗೆ ಹೋಗಿ. ಅಲ್ಲಿಂದ ಥೇಮ್ಸ್ ದಾಟಿದರೆ ಆಲ್ಬರ್ಟ್ ಎಂಬಾಂಕ್‌ಮೆಂಟ್ ಮೇಲೆ ಬಸವಣ್ಣನವರ ಪ್ರತಿಮೆ ಇದೆ, 2015ರ ನವೆಂಬರಿನಲ್ಲಿ ಅನಾವರಣವಾದದ್ದು. ನದಿಯ ದಂಡೆ ಹಿಡಿದೇ ಮುಂದೆ ನಡೆದರೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಬಿಎಫ್ಐ ಸೌತ್‌ಬ್ಯಾಂಕ್ ಎಂಬ ಚಿತ್ರಮಂದಿರ ಸಿಗುತ್ತದೆ. ಮಲ್ಟಿಪ್ಲೆಕ್ಸುಗಳಲ್ಲಿ ಕಾಣದ ಹಳೆಯ ಸಿನಿಮಾಗಳನ್ನು, ಬೇರೆ ಬೇರೆ ದೇಶದ ಸಿನಿಮಾಗಳನ್ನು ಅಲ್ಲಿ ದೊಡ್ಡ ಪರದೆಯಲ್ಲಿ ನೋಡಬಹುದು.

ಕನ್ನಡ ಸಿನಿಮಾ ಬಂದರೆ ಕೆಲವೇ ಪರದೆ, ಕೆಲವೇ ಷೋ. ಮುಂದಿನ ವಾರ ನೋಡೋಣ ಅಂದರೆ ಹೋಗಿರುತ್ತದೆ. ಟಿಕೆಟ್ ತೆಗೆಯುವ ಮುಂಚೆ ವಯಸ್ಸಿನ ಸರ್ಟಿಫಿಕೇಟ್ ನೋಡಿ. 12ಎ ಅಂದರೆ ಚಿಕ್ಕ ಮಕ್ಕಳನ್ನು ದೊಡ್ಡವರು ಜೊತೆಗೆ ಕರೆದುಕೊಂಡು ಹೋಗಬಹುದು. 15 ಅಂದರೆ ಅಪ್ಪ ಅಮ್ಮ ಪಕ್ಕದಲ್ಲಿದ್ದರೂ ಹದಿನಾಲ್ಕರ ಹುಡುಗನನ್ನು ಒಳಗೆ ಬಿಡುವುದಿಲ್ಲ. ನಮ್ಮ ಕಡೆ ಮನೆಮಂದಿಯೆಲ್ಲ ನೋಡುವ ಸಿನಿಮಾಕ್ಕೂ ಹೊಡೆದಾಟ ಜಾಸ್ತಿ ಇದ್ದರೆ ಇಲ್ಲಿ 15 ಸಿಗಬಹುದು. ಇಂಗ್ಲಿಷ್ ಸಬ್‌ಟೈಟಲ್ ಇದೆಯೇ ಎಂದೂ ನೋಡಿಕೊಳ್ಳಿ. ಇದ್ದರೆ ಆಫೀಸಿನ ಗೆಳೆಯರನ್ನೋ ಪಕ್ಕದ ಮನೆಯವರನ್ನೋ ಜೊತೆಗೆ ಕರೆಯಿರಿ.