ಸುಳಿ ನೋಡಿ, ಮಣ್ಣು ಮುಟ್ಟಿ, ಆಮೇಲೆ ನೀರು: ಮನೆಯೊಳಗಿನ ಪಾಮ್ ಆರೈಕೆ

ಮನೆಯೊಳಗಿನ ಪಾಮ್ ಗಿಡಗಳು ನೀರಿಲ್ಲದೆ ಸಾಯುವುದಕ್ಕಿಂತ ನೀರು ಜಾಸ್ತಿಯಾಗಿ ಸಾಯುವುದೇ ಹೆಚ್ಚು. ನನ್ನ ಮೊದಲ ಅರೆಕಾ ಪಾಮ್ ಹೋಗಿದ್ದೂ ಹಾಗೇ. ಗರಿ ಬಾಡಿದಂತೆ ಕಂಡಾಗಲೆಲ್ಲ ಒಂದು ಚೊಂಬು ನೀರು ಹಾಕುತ್ತಿದ್ದೆ. ಕೊನೆಗೆ ಕುಂಡದಿಂದ ಎತ್ತಿ ನೋಡಿದರೆ ಬೇರುಗಳೆಲ್ಲ ಕಪ್ಪಾಗಿದ್ದವು. ಬೆರಳಲ್ಲಿ ಹಿಡಿದರೆ ಮೇಲಿನ ಸಿಪ್ಪೆ ಜಾರಿ ಬಂದು, ಒಳಗಿನ ನೂಲಿನಂಥ ಎಳೆ ಮಾತ್ರ ಉಳಿಯುತ್ತಿತ್ತು. ಬೇರು ಕೊಳೆತ ಗಿಡಕ್ಕೆ ನೀರು ಹೀರಲು ಆಗುವುದಿಲ್ಲ, ಅದಕ್ಕೇ ಬಾಡುತ್ತದೆ. ನಾವು ಬಾಯಾರಿದೆ ಅಂದುಕೊಂಡು ಮತ್ತೆ ಸುರಿಯುತ್ತೇವೆ.

ನೀರು

ವಾರಕ್ಕೆ ಇಷ್ಟು ಸಲ ಅಂತ ಲೆಕ್ಕ ಇಟ್ಟುಕೊಳ್ಳಬೇಡಿ. ಬೆರಳನ್ನು 2 ಇಂಚು ಮಣ್ಣೊಳಗೆ ಇಳಿಸಿ. ತಂಪು ಹತ್ತಿದರೆ ಸುಮ್ನೆ ಬಿಟ್ಟುಬಿಡಿ. ಒಣಗಿದ್ದರೆ ತಳದ ತೂತಿನಿಂದ ನೀರು ಇಳಿಯುವ ತನಕ ನಿಧಾನವಾಗಿ ಹಾಕಿ. ಅರ್ಧ ಗಂಟೆ ಬಿಟ್ಟು ಕೆಳಗಿನ ತಟ್ಟೆಯ ನೀರು ಚೆಲ್ಲಿ. ಚಳಿಗಾಲದಲ್ಲಿ ಮಣ್ಣು ಒಣಗುವುದು ತಡವಾಗುತ್ತದೆ, ಆಗ ಇನ್ನಷ್ಟು ಕಾಯಿರಿ.

ಜಾಗ

ಬೆಳಕು ಚೆನ್ನಾಗಿದ್ದರೆ ಅರೆಕಾ ತನ್ನಿ. ಕಡಿಮೆ ಇದ್ದರೆ ಪಾರ್ಲರ್ ಪಾಮ್ ಒಳ್ಳೆಯದು. ಮೆಕ್ಸಿಕೊ, ಗ್ವಾಟೆಮಾಲಾದ ಕಾಡುಗಳಲ್ಲಿ ದೊಡ್ಡ ಮರಗಳ ನೆರಳಲ್ಲಿ ಬೆಳೆಯುವ ಗಿಡ ಅದು, ಮಬ್ಬು ಬೆಳಕು ಅದಕ್ಕೆ ಹೊಸದಲ್ಲ. ಮಧ್ಯಾಹ್ನದ ನೇರ ಬಿಸಿಲು ಮಾತ್ರ ಎರಡಕ್ಕೂ ಬೇಡ, ಗರಿ ಸುಡುತ್ತದೆ. 18ರಿಂದ 27 ಡಿಗ್ರಿ ಸೆಲ್ಸಿಯಸ್ ಇವಕ್ಕೆ ಹಿತ. ಎಸಿಯ ಗಾಳಿ ನೇರವಾಗಿ ತಾಗಬಾರದು.

ಮನೆಯಲ್ಲಿ ನಾಯಿ, ಬೆಕ್ಕು ಇದ್ದರೆ ಒಂದು ಮಾತು. ಸೇಗೊ ಪಾಮ್ ಹೆಸರಿಗಷ್ಟೇ ಪಾಮ್, ಅದು ಸೈಕಾಡ್ ಎಂಬ ಬೇರೆಯೇ ಗುಂಪಿನ ಗಿಡ. ತಿಂದರೆ ಅವುಗಳ ಲಿವರ್ ಕೆಡುತ್ತದೆ, ಜೀವಕ್ಕೇ ಅಪಾಯ. ದಯವಿಟ್ಟು ತರಬೇಡಿ. ಅರೆಕಾ, ಪಾರ್ಲರ್ ಎರಡರಲ್ಲೂ ಆ ವಿಷವಿಲ್ಲ.

ಕುಂಡ, ಗೊಬ್ಬರ

ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಹುಳು ಗೊಬ್ಬರ, ದಪ್ಪ ಮರಳು ಬೆರೆಸಿದ ಸಡಿಲ ಮಣ್ಣು ಸಾಕು. ಪಾಮ್‌ಗೆ ಬೇರು ಕೆದಕುವುದು ಆಗಿಬರುವುದಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ, ಬೇರು ತೂತಿನಿಂದ ಹೊರಗೆ ಇಣುಕಿದಾಗ, ಒಂದೆರಡು ಇಂಚು ದೊಡ್ಡ ಕುಂಡಕ್ಕೆ ಬೇರಿನ ಮುದ್ದೆ ಒಡೆಯದೆ ಇಳಿಸಿ. ಬುಡ ಮೊದಲಿದ್ದ ಮಟ್ಟದಲ್ಲೇ ಇರಲಿ. ಗೊಬ್ಬರ ಬೆಳೆಯುವ ಕಾಲದಲ್ಲಿ ಮಾತ್ರ, ಅದೂ ಪೊಟ್ಟಣದಲ್ಲಿ ಹೇಳಿದ್ದರ ಅರ್ಧ.

ಗರಿಯ ತುದಿ ಕಂದಾದರೆ

ಒಣ ಗಾಳಿ, ಮಣ್ಣಲ್ಲಿ ಸೇರಿಕೊಂಡ ಗೊಬ್ಬರದ ಉಪ್ಪು, ನೀರಿನ ಫ್ಲೋರೈಡ್, ಯಾವುದರಿಂದಲೂ ಹೀಗಾಗಬಹುದು. ನಲ್ಲಿ ನೀರನ್ನು ರಾತ್ರಿಯಿಡೀ ಇಟ್ಟರೆ ಕ್ಲೋರಿನ್ ಆರಬಹುದು, ಫ್ಲೋರೈಡ್ ಹೋಗುವುದಿಲ್ಲ. ಮಳೆನೀರು ಸಿಕ್ಕರೆ ಅದೇ ಒಳ್ಳೆಯದು. ಎರಡು ಮೂರು ತಿಂಗಳಿಗೊಮ್ಮೆ ಕುಂಡದ ಮೂಲಕ ಧಾರಾಳವಾಗಿ ನೀರು ಹರಿಸಿ, ಉಪ್ಪು ತೊಳೆದುಹೋಗುತ್ತದೆ.

ಗರಿಯ ಮೇಲೆ ಸಣ್ಣ ಹಳದಿ ಚುಕ್ಕೆ ಕಂಡರೆ ನುಸಿ ಇರಬಹುದು. ಗರಿ ಕೆಳಗೆ ಬಿಳಿ ಕಾಗದ ಹಿಡಿದು ತಟ್ಟಿ. ಬಿದ್ದ ಚುಕ್ಕೆಗಳು ಹರಿದಾಡಿದರೆ ನುಸಿಯೇ. ಗರಿಯ ಹಿಂಬದಿಯನ್ನು ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ವಾರಕ್ಕೊಮ್ಮೆ, ಮೂರು ನಾಲ್ಕು ವಾರ ಬಿಡದೆ ಮಾಡಬೇಕು. ಮೊಟ್ಟೆ ಒಡೆದು ಮತ್ತೆ ಬರುತ್ತವೆ, ಅಲ್ವಾ?

ಕತ್ತರಿ ಹಿಡಿಯುವ ಮುನ್ನ

ಅರ್ಧ ಹಳದಿಯಾದ ಗರಿಯನ್ನು ಕತ್ತರಿಸಲು ಕೈ ತುರಿಸುತ್ತದೆ ನಿಜ. ತಡೆಯಿರಿ. ಪೊಟ್ಯಾಷಿಯಂ ಸಾಲದಾದಾಗ ಗಿಡ ಅದನ್ನು ಹಳೆಯ ಗರಿಯಿಂದ ಎಳೆದು ಹೊಸದಕ್ಕೆ ಕೊಡುತ್ತದೆ. ಪೂರ್ತಿ ಒಣಗಿದ ಮೇಲೆ ಬುಡದ ಹತ್ತಿರ ಕತ್ತರಿಸಿ.

ಗಿಡ ಎತ್ತರವಾಯಿತು ಅಂತ ತಲೆಯನ್ನಂತೂ ಕಡಿಯಲೇಬಾರದು. ಒಂದು ಕಾಂಡಕ್ಕೆ ಒಂದೇ ಸುಳಿ. ಸುಳಿ ಹೋದರೆ ಆ ಕಾಂಡ ಮತ್ತೆ ಚಿಗುರುವುದಿಲ್ಲ. ಗಿಡ ಬದುಕಿದೆಯೋ ಇಲ್ಲವೋ ಅನುಮಾನ ಬಂದರೆ ಸುಳಿಯಲ್ಲಿ ಈಟಿಯಂತೆ ನಿಂತ ಎಳೆ ಗರಿಯನ್ನು ಮೆಲ್ಲಗೆ ಎಳೆದು ನೋಡಿ. ಕೊಳೆತ ವಾಸನೆಯೊಂದಿಗೆ ಕಿತ್ತು ಬಂದರೆ ಆ ಕಾಂಡ ಮುಗಿಯಿತು. ಅದನ್ನು ತೆಗೆದುಹಾಕಿ, ಕುಂಡದ ಉಳಿದ ಕಾಂಡಗಳನ್ನು ಉಳಿಸಿಕೊಳ್ಳಿ. ಗಟ್ಟಿಯಾಗಿ ನಿಂತು, ಹಸಿರಾಗಿದ್ದರೆ ಹೆದರಬೇಡಿ. ಮಡಚಿಕೊಂಡಿರುವ ಗರಿಯನ್ನು ಕೈಯಿಂದ ಬಿಡಿಸಲೂ ಹೋಗಬೇಡಿ, ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.