ಒಂದು ಗುಂಪಿನ ಜೊತೆ ಕೂತಾಗ ಉಳಿದವರು ಏನು ಮಾಡಬೇಕು?

ನಲಿ-ಕಲಿ ಅಂದರೆ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಚಟುವಟಿಕೆ, ಕಾರ್ಡುಗಳ ಮೂಲಕ ಕಲಿಸುವ ಪದ್ಧತಿ. ಇದರ ಕೋಣೆಯಲ್ಲಿ ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೇ ಕೂರುತ್ತಾರೆ. ಮೂರು ಕ್ಲಾಸಿಗೆ ಒಬ್ಬರೇ ಹೇಗೆ ಪಾಠ ಮಾಡ್ತೀರಿ ಅಂತ ಎಲ್ಲರೂ ಕೇಳುತ್ತಾರೆ. ಪಾಠ ಮಾಡುವುದು ಅಂಥ ಕಷ್ಟವಲ್ಲ. ಐದು ಗುಂಪಿನಲ್ಲಿ ಒಂದರ ಜೊತೆ ನಾನು ಕೂತಾಗ ಉಳಿದ ನಾಲ್ಕು ಗುಂಪುಗಳ ಕೈಗೆ ಕೆಲಸ ಇರುವಂತೆ ನೋಡಿಕೊಳ್ಳುವುದು ಕಷ್ಟ. ಗಲಾಟೆ ಮಾಡುವ ಮಗು ಹೆಚ್ಚಿನ ಸಲ ಸುಮ್ನೆ ಕಾಯುತ್ತಾ ಕೂತು ಬೇಜಾರಾದ ಮಗು.

1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಇದು. ಪೂರ್ತಿ ಶಿಕ್ಷಕರ ನೆರವು ಬೇಕಾದವರಿಂದ ಹಿಡಿದು ತಾವೇ ಕಲಿಯುವವರ ತನಕ ಮಕ್ಕಳು ಐದು ತಟ್ಟೆಗಳಲ್ಲಿ, ಅಂದರೆ ಐದು ಗುಂಪುಗಳಲ್ಲಿ, ಕೂರುತ್ತಾರೆ. ಎಲ್ಲರೂ ಮೊದಲು ನನ್ನ ನೆರವು ಬೇಕಾದವರ ಹತ್ತಿರವೇ ಹೋಗಬೇಕು ಅಂದುಕೊಳ್ಳುತ್ತಾರೆ, ಅಲ್ವಾ? ನಾನು ಉಲ್ಟಾ ಮಾಡುತ್ತೇನೆ. ಸ್ವಕಲಿಕೆಯವರಿಗೆ ಮೊದಲು ಮಾಡಬೇಕಾದ ಕೆಲಸ ಇರುವ ಕಾರ್ಡು ಕೊಟ್ಟು ಕೂರಿಸುತ್ತೇನೆ. ಆಮೇಲೆ ಜೊತೆಯವರಿಂದ ಕಲಿಯುವ ಗುಂಪುಗಳು. ನನ್ನ ತಟ್ಟೆಗೆ ಬರುವುದು ಕೊನೆಗೆ. ಅಷ್ಟರಲ್ಲಿ ಉಳಿದವರೆಲ್ಲ ಬರೆಯುತ್ತಿರುತ್ತಾರೆ.

ನಡುವೆ ಎದ್ದು ಬರುವವರಿಗೆ ಒಂದೇ ಮಾತು: ಮೊದಲು ಕಾರ್ಡು ನೋಡು, ಆಮೇಲೆ ಪಕ್ಕದವರನ್ನು ಕೇಳು, ಆಮೇಲೆ ಮಿಸ್. ಒಂದನೇ ತರಗತಿಯ ಪುಟಾಣಿಗಳಿಗೆ ಇದು ಬೇಗ ಹಿಡಿಯುವುದಿಲ್ಲ, ದಿನಾ ಹೇಳಬೇಕು. ಸಹಾಯ ಮಾಡುವವರಿಗೂ ಒಂದು ನಿಯಮ ಇದೆ. ಇನ್ನೊಬ್ಬರ ಬಳಪ ಮುಟ್ಟುವಂತಿಲ್ಲ. ಬಾಯಲ್ಲಿ ಹೇಳಬಹುದು, ಬೆರಳು ಮಾಡಿ ತೋರಿಸಬಹುದು. ಬಳಪ ಕೈ ಬದಲಾಯಿಸಿತು ಅಂದರೆ ಕಲಿಯುವವನು ನೋಡುಗನಾಗಿಬಿಡುತ್ತಾನೆ.

ಮಕ್ಕಳ ಎತ್ತರಕ್ಕೆ ಗೋಡೆಯ ಮೇಲಿರುವ ಕಪ್ಪುಹಲಗೆ ನನಗೆ ಸ್ಲೇಟಿಗಿಂತ ಇಷ್ಟ. ಕೂತಲ್ಲಿಂದಲೇ ಎಲ್ಲರ ಬರಹ ಕಾಣುತ್ತದೆ. ಒಂದು ಸಲ ಹಾಗೇ ಕಣ್ಣಾಡಿಸುವಾಗ ಮೂರನೇ ತರಗತಿಯ ಹುಡುಗಿಯ ಲೆಕ್ಕ ಕಂಡಿತು. 42ರಲ್ಲಿ 17 ಕಳೆದರೆ 35. ಪಕ್ಕದವನದೂ 35. ನಕಲು ಅನ್ನಿಸಬಹುದು, ಆದರೆ ಇದು ನಕಲಲ್ಲ. ಬಿಡಿ ಸ್ಥಾನದಲ್ಲಿ 2ರಿಂದ 7 ಕಳೆಯಲು ಬರುವುದಿಲ್ಲ, ಹಾಗಾಗಿ ದೊಡ್ಡದರಿಂದ ಚಿಕ್ಕದನ್ನು ಕಳೆದು 5 ಬರೆದಿದ್ದಾರೆ. ಹತ್ತರ ಸ್ಥಾನದಲ್ಲಿ 4ರಿಂದ 1 ಕಳೆದು 3 ಬರೆದಿದ್ದಾರೆ. 'ತಪ್ಪು, ಮತ್ತೆ ಮಾಡು' ಅಂದರೆ ಇನ್ನೊಮ್ಮೆ 35 ಬರುತ್ತದೆ, ಅಷ್ಟೇ.

ಪೊರಕೆ ಕಡ್ಡಿ ತೆಗೆದೆ. ಹತ್ತತ್ತು ಕಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿದ ನಾಲ್ಕು ಕಟ್ಟು, ಜೊತೆಗೆ ಎರಡು ಬಿಡಿ. 'ಇದರಲ್ಲಿ ನನಗೆ ಹದಿನೇಳು ಕೊಡು' ಅಂದೆ. ಒಂದು ಕಟ್ಟು ಕೊಟ್ಟಳು, ಎರಡು ಬಿಡಿ ಕೊಟ್ಟಳು. ಇನ್ನೂ ಐದು ಬೇಕು. ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ನಾನು ಮಾತಾಡಲಿಲ್ಲ. 'ಬಿಚ್ಚಲಾ ಮಿಸ್?' ಅಂತ ಅವಳೇ ಕೇಳಿದಳು. ಬಿಚ್ಚಿ ಐದು ಕೊಟ್ಟಮೇಲೆ ಅವಳ ಹತ್ತಿರ ಎರಡು ಕಟ್ಟು, ಐದು ಬಿಡಿ ಉಳಿಯಿತು. ಗೋಡೆಗೆ ಹೋಗಿ 35 ಒರೆಸಿ 25 ಬರೆದಳು. ಹತ್ತರಿಂದ ಒಂದು ತಗೊಳ್ಳೋದು ಅಂತ ಬಾಯಲ್ಲಿ ಹೇಳಿಕೊಡುವ ಮುಂಚೆ ಕಟ್ಟು ಬಿಚ್ಚಬೇಕು ಅಂತ ಮಗುವಿಗೇ ಅನ್ನಿಸಬೇಕು. ಅದಕ್ಕೆ ಟೀಚರ್ ಬಾಯಿ ಮುಚ್ಚಿಕೊಂಡು ಕೂರಬೇಕು, ನಮ್ಮ ವೃತ್ತಿಯಲ್ಲಿ ಅದೇ ಕಷ್ಟ!

ಪಕ್ಕದವನಿಗೆ ನಾನು ಹೇಳಿಕೊಡಲಿಲ್ಲ, ಅವಳೇ ಕಡ್ಡಿ ಹಿಡಿದುಕೊಂಡು ಹೋಗಿ ಹದಿನೇಳು ಕೇಳಿದಳು.

ಸುಗ್ಗಿ, ಊರಹಬ್ಬ ಅಂದರೆ ಮಕ್ಕಳು ಎಷ್ಟೋ ದಿನ ಶಾಲೆಗೆ ಬರುವುದಿಲ್ಲ. ಬಂದಮೇಲೆ ಎಲ್ಲಿಗೆ ನಿಲ್ಲಿಸಿದ್ದರೋ ಅಲ್ಲಿಂದಲೇ ಕಲಿಕೆಯ ಏಣಿ (ಯಾವ ಕಾರ್ಡು ಆದಮೇಲೆ ಯಾವುದು ಅನ್ನುವ ಕ್ರಮ) ಹತ್ತಬಹುದು, ಈ ಪದ್ಧತಿಯ ದೊಡ್ಡ ಅನುಕೂಲ ಇದೇ. ಆದರೆ ಬಂದ ದಿನವೇ ಹೊಸ ಕಾರ್ಡು ಕೊಡುವುದಿಲ್ಲ. ಗೊತ್ತಿರುವ ಹಳೆಯ ಕಾರ್ಡನ್ನೇ ಕೊಟ್ಟು, ಅದೇ ಮೆಟ್ಟಿಲಲ್ಲಿರುವ ಇನ್ನೊಬ್ಬರ ಪಕ್ಕ ಕೂರಿಸುತ್ತೇನೆ. ಮಾರನೇ ದಿನ ಹೊಸದು.