ಅಪ್ಪನ ಮನೆ ಮಾರಿದ್ದು, ಅಮ್ಮನಿಗೆ ಮನೆ ಕೊಂಡಿದ್ದು: ನನ್ನ ಅನುಭವ

ಮೈಸೂರಿನ ಕುವೆಂಪುನಗರದಲ್ಲಿದ್ದ ನಮ್ಮ ಮನೆಯನ್ನು 2025ರ ಫೆಬ್ರವರಿಯಲ್ಲಿ ಮಾರಿದೆವು. ಅದೇ ಜೂನ್‌ನಲ್ಲಿ ಅಮ್ಮನಿಗೆ ಒಂದು ಫ್ಲಾಟ್ ಕೊಂಡೆವು. ಎರಡಕ್ಕೂ ಫೈಲು ಹಿಡಿದು ಓಡಾಡಿದವಳು ನಾನು. ಮಾರೋಣ ಅಂತ ತೀರ್ಮಾನ ಮಾಡಿದ ದಿನದಿಂದ ಬೀಗದ ಕೈ ಕೊಡುವ ದಿನದವರೆಗೆ ಎರಡು ವರ್ಷ ಹಿಡಿಯಿತು. ಗಿರಾಕಿ ಹುಡುಕಿದ್ದು ಅದರಲ್ಲಿ ಕೆಲವೇ ವಾರ. ಮಿಕ್ಕಿದ್ದೆಲ್ಲ ಕಾಗದದ ಕೆಲಸ.

ಅಪ್ಪ 2021ರಲ್ಲಿ ತೀರಿಕೊಂಡರು. ಉಯಿಲು ಬರೆದಿರಲಿಲ್ಲ. ಮನೆ ಅವರ ಸ್ವಂತ ಸಂಪಾದನೆಯದು. ಹಾಗಿದ್ದಾಗ ಹಿಂದೂ ಉತ್ತರಾಧಿಕಾರ ಕಾಯಿದೆ ಪ್ರಕಾರ ಹೆಂಡತಿಗೆ ಒಂದು ಪಾಲು, ಮಕ್ಕಳಿಗೆ ತಲಾ ಒಂದು ಪಾಲು. ಮಗ, ಮಗಳು ಅನ್ನೋ ಭೇದ ಇಲ್ಲ. ನಾವು ಮೂರು ಜನ ಮಕ್ಕಳು. ಅಮ್ಮನೂ ಸೇರಿ ನಾಲ್ಕು ಸಮಪಾಲು. "ಹೆಣ್ಣುಮಕ್ಕಳ ಹತ್ತಿರ ಹಕ್ಕು ಬಿಡುಗಡೆ ಪತ್ರ ಬರೆಸಿಕೊಂಡುಬಿಡು, ಆಮೇಲೆ ಸಲೀಸು" ಅಂತ ನೆಂಟರೊಬ್ಬರು ತಮ್ಮನಿಗೆ ಹೇಳಿದರು. ಅವನು ಅದಕ್ಕೆ ಒಪ್ಪಲಿಲ್ಲ. ಆ ಒಂದು ಮಾತಿನಿಂದ ಮುಂದಿನ ಎಷ್ಟೋ ಕೆಲಸ ಹಗುರವಾಯಿತು.

ಬ್ರೋಕರ್‌ಗೆ ಫೋನ್ ಮಾಡುವ ಮೊದಲು ನಾವು ನಾಲ್ಕೂ ಜನ ಊಟದ ಮೇಜಿನ ಹತ್ತಿರ ಕೂತೆವು. ನ್ಯೂಜೆರ್ಸಿಯಲ್ಲಿರುವ ತಂಗಿ ಫೋನಿನ ಪರದೆಯಲ್ಲಿ ಇದ್ದಳು. ಅಮ್ಮ ಮುಂದೆ ಎಲ್ಲಿರಬೇಕು ಅನ್ನೋದನ್ನು ಮೊದಲು ಮಾತಾಡಿದೆವು, ದುಡ್ಡಿನ ಮಾತು ಆಮೇಲೆ. ಅವರಿಗೆ ಮೈಸೂರು ಬಿಡುವ ಮನಸ್ಸಿರಲಿಲ್ಲ. ಮೆಟ್ಟಿಲು ಹತ್ತೋಕೆ ಆಗಲ್ಲ, ತರಕಾರಿ ಅಂಗಡಿ ನಡೆದು ಹೋಗುವಷ್ಟು ಹತ್ತಿರ ಇರಬೇಕು ಅಂದರು. ಆಮೇಲೆ ಕಡಿಮೆ ಅಂದರೆ ಎಷ್ಟಕ್ಕೆ ಮಾರಬಹುದು, ಖರ್ಚು ಯಾರು ಹಾಕಬೇಕು, ಮನೆಯ ಪಾತ್ರೆ ಪಗಡೆ ಯಾರಿಗೆ, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಸೈನ್ ಹಾಕಿದೆವು. ಕೋರ್ಟಿನಲ್ಲಿ ಆ ಹಾಳೆಗೆ ಎಷ್ಟು ಬೆಲೆಯೋ, ನಮಗಂತೂ ಅದು ಬಹಳ ದೊಡ್ಡದು. ಮುಂದೆ ಎರಡು ಸಲ ಜಗಳ ಆಗುವಂತಿದ್ದಾಗ ಅದನ್ನೇ ತೆಗೆದು ಓದಿದೆವು.

ನಮ್ಮ ಸೈಟು 1979ರಲ್ಲಿ ಸಿಐಟಿಬಿ ಕೊಟ್ಟದ್ದು, ಆಗ ಮೈಸೂರಿನಲ್ಲಿ ಸೈಟು ಹಂಚುತ್ತಿದ್ದ ಮಂಡಳಿ ಅದು. 1988ರಲ್ಲಿ ಅದೇ ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಆಯಿತು. ಹಂಚಿಕೆ ಪತ್ರ, ಕ್ರಯಪತ್ರ, ಮನೆಯ ನಕ್ಷೆ, ಖಾತೆ (ಕಂದಾಯಕ್ಕೆ ಆಸ್ತಿ ಯಾರ ಹೆಸರಲ್ಲಿದೆ ಅನ್ನೋ ದಾಖಲೆ) ಎಲ್ಲ ಅಪ್ಪನ ಟ್ರಂಕಿನಲ್ಲಿ ಬಟ್ಟೆಚೀಲದೊಳಗೆ ಇದ್ದವು. ವಂಶವೃಕ್ಷ ಮಾಡಿಸಿ, ಮರಣ ಪ್ರಮಾಣಪತ್ರ ಲಗತ್ತಿಸಿ, ಖಾತೆಯನ್ನು ನಾಲ್ಕೂ ಜನರ ಹೆಸರಿಗೆ ಮಾಡಿಸಿಕೊಂಡೆವು. ಹಳೆಯ ಪತ್ರದಲ್ಲಿ ಅಪ್ಪನ ಹೆಸರಿಗೆ ಒಂದು ಇನಿಷಿಯಲ್, ಮರಣ ಪತ್ರದಲ್ಲಿ ಎರಡು. ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ಕೊಡಬೇಕಾಯಿತು.

ಇಸಿ ವಿಷಯದಲ್ಲಿ ನನ್ನಿಂದ ದೊಡ್ಡ ತಪ್ಪಾಯಿತು. ಇಸಿ ಅಂದರೆ ಆಸ್ತಿಯ ಮೇಲೆ ಯಾವ ಯಾವ ವ್ಯವಹಾರ ರಿಜಿಸ್ಟರ್ ಆಗಿದೆ ಅಂತ ತೋರಿಸುವ ಋಣಭಾರ ಪ್ರಮಾಣಪತ್ರ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸುಲಭವಾಗಿ ಸಿಗೋದು 2004ರಿಂದ ಈಚೆಗಿನ ಇಸಿ. ಅದನ್ನು ತೆಗೆಸಿದೆ. ಯಾವ ವ್ಯವಹಾರವೂ ಇಲ್ಲ ಅಂತ ನಮೂನೆ 16 ಬಂತು. ನಾನು ನಿಶ್ಚಿಂತೆಯಾದೆ. 2023ರಲ್ಲಿ ಒಳ್ಳೆಯ ಗಿರಾಕಿಯೂ ಸಿಕ್ಕಿದರು, ರೇಟೂ ಕುದುರಿತು. ಅವರ ವಕೀಲರು 1979ರಿಂದ ಇಸಿ ಬೇಕು ಅಂದರು. ಹಳೆಯದನ್ನು ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಅರ್ಜಿ ಕೊಟ್ಟು, ಪುಸ್ತಕ ಹುಡುಕಿಸಿ ತೆಗೆಸಬೇಕು. ತೆಗೆಸಿದಾಗ ಅದರಲ್ಲಿ ಒಂದು ಸಾಲು ಇತ್ತು: 1983, ಅಡಮಾನ. ಅಪ್ಪ ಮನೆ ಕಟ್ಟಲು ಒಂದು ಗೃಹ ನಿರ್ಮಾಣ ಸಹಕಾರ ಸಂಘದಿಂದ ಸಾಲ ತೆಗೆದಿದ್ದರು. ತೀರಿಸಿದ್ದರು. ಆದರೆ ಅಡಮಾನ ಬಿಡುಗಡೆ ಪತ್ರ ರಿಜಿಸ್ಟರ್ ಆಗಿರಲೇ ಇಲ್ಲ. ದಾಖಲೆಯ ಲೆಕ್ಕದಲ್ಲಿ ನಮ್ಮ ಮನೆ 40 ವರ್ಷದಿಂದ ಅಡವಿನಲ್ಲೇ ಇತ್ತು. ಆ ಗಿರಾಕಿ ಎರಡು ತಿಂಗಳು ಕಾದು ಬೇರೆ ಕಡೆ ನೋಡಿಕೊಂಡರು.

ಸಂಘದ ಆಫೀಸು ಜಾಗ ಬದಲಾಯಿಸಿತ್ತು. ಹಳೆಯ ಲೆಡ್ಜರ್ ಸಿಗಲಿಲ್ಲ. ಸಾಲ ತೀರಿದೆ ಅನ್ನೋಕೆ ಏನು ಪುರಾವೆ ಅಂತ ಕೇಳಿದರು. ಅಡುಗೆಮನೆ ಬಾಗಿಲ ಹಿಂದೆ ಒಂದು ತಂತಿ ತೂಗುತ್ತಿತ್ತು. ಕೆಳಗೆ ಮರದ ಬಿಲ್ಲೆ, ಮೇಲೆ ಕೊಕ್ಕೆ. ಅಪ್ಪ ಕಟ್ಟಿದ ಪ್ರತಿ ರಸೀದಿಯನ್ನೂ ಅದಕ್ಕೆ ಚುಚ್ಚಿಡುತ್ತಿದ್ದರು. ನಾವು ಸಾವಿರ ಸಲ ಆ ಬಾಗಿಲು ಹಾಕಿ ತೆಗೆದಿದ್ದೆವು, ಒಂದು ದಿನವೂ ಅದನ್ನು ನೋಡಿರಲಿಲ್ಲ. ತಂತಿಯಿಂದ ಒಂದೊಂದೇ ಬಿಡಿಸಿದೆವು. ಕಂದಾಯ, ನೀರು, ಕರೆಂಟು, ನಮ್ಮ ಸ್ಕೂಲ್ ಫೀಸು. ತುಂಬಾ ಕೆಳಗೆ, ಅಂಚು ಕಂದು ಬಣ್ಣಕ್ಕೆ ತಿರುಗಿದ ಒಂದು ರಸೀದಿ. 1996. ನೀಲಿ ಶಾಯಿಯಲ್ಲಿ "ಅಸಲು ಬಡ್ಡಿ ಪೂರ್ತಿ ಚುಕ್ತಾ" ಅಂತ ಬರೆದು ಸಂಘದ ಸೀಲು ಒತ್ತಿತ್ತು. ಅದರ ಬಲದ ಮೇಲೆ ಬಿಡುಗಡೆ ಪತ್ರ ಆಯಿತು. ಒಟ್ಟು ಐದು ತಿಂಗಳು.

ನಿಮ್ಮ ತಂದೆ ತಾಯಿ ಇನ್ನೂ ಇದ್ದರೆ ಇವತ್ತೇ ಕೇಳಿ: ಮನೆಗೆ ಸಾಲ ತೆಗೆದಿದ್ದಿರಾ, ತೀರಿದ ಮೇಲೆ ಬಿಡುಗಡೆ ಪತ್ರ ರಿಜಿಸ್ಟರ್ ಮಾಡಿಸಿದಿರಾ? ಇಸಿ ತೆಗೆಸುವಾಗ ಮೂಲ ಪತ್ರದ ವರ್ಷದಿಂದಲೇ ತೆಗೆಸಿ.

ರೇಟು ಕಟ್ಟುವಾಗ ನಮಗೆ ಮನಸ್ಸಿಗೆ ಕಷ್ಟವಾಯಿತು. ನಮ್ಮದು 40-60 ಸೈಟು. ಮನೆ 1984ರದು, ರೆಡ್ ಆಕ್ಸೈಡ್ ನೆಲ, ತೇಗದ ಬಾಗಿಲು. ಬಂದವರೆಲ್ಲ ಸೈಟಿನ ಬೆಲೆ ಮಾತ್ರ ಮಾತಾಡಿದರು. 40 ವರ್ಷದ ಕಟ್ಟಡಕ್ಕೆ ಯಾರೂ ಏನೂ ಕಟ್ಟಲಿಲ್ಲ. ಕೊಂಡವರು ಒಡೆದು ಕಟ್ಟಿಕೊಳ್ಳುತ್ತಾರೆ ಅಂತ ಗೊತ್ತಾದಾಗ ಅಮ್ಮ ಎರಡು ದಿನ ಮಾತೇ ಆಡಲಿಲ್ಲ. ಮಾರುವವರು ಇದನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳುವುದು ಒಳ್ಳೆಯದು. ನಾವು ಬ್ರೋಕರ್ ಹೇಳಿದ ಅಂಕಿ ನಂಬದೆ, ಅದೇ ರಸ್ತೆಯಲ್ಲಿ ಹಿಂದಿನ ವರ್ಷ ಮಾರಾಟವಾದ ಮೂರು ಮನೆಯವರನ್ನೇ ಕೇಳಿದೆವು. ಬ್ರೋಕರ್ ಕಮಿಷನ್ ಎಷ್ಟು ಅನ್ನೋದನ್ನು ಮನೆ ತೋರಿಸುವ ಮೊದಲೇ ಮಾತಾಡಿಕೊಂಡೆವು.

ಒಬ್ಬರು ಎಲ್ಲರಿಗಿಂತ ಜಾಸ್ತಿ ಕೊಡುತ್ತೇನೆ ಅಂದರು. ಆದರೆ ಒಂದು ಭಾಗ ಕ್ಯಾಶು, ಪತ್ರದಲ್ಲಿ ಗೈಡೆನ್ಸ್ ವ್ಯಾಲ್ಯೂ (ಸರ್ಕಾರ ನಿಗದಿ ಮಾಡಿದ ಕನಿಷ್ಠ ಬೆಲೆ) ಮಾತ್ರ. ನಾವು ಬೇಡ ಅಂದೆವು. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಕ್ಯಾಶ್ ತೆಗೆದುಕೊಳ್ಳುವ ಹಾಗಿಲ್ಲ. ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಅದೂ ಅಲ್ಲದೆ ನಾವು ಆ ದುಡ್ಡಿನಲ್ಲೇ ಇನ್ನೊಂದು ಮನೆ ಕೊಳ್ಳಬೇಕಿತ್ತು. ಕ್ಯಾಶ್ ಇಟ್ಟುಕೊಂಡು ಎಲ್ಲಿಗೆ ಹೋಗೋದು?

ಎರಡನೇ ಗಿರಾಕಿ ಬಂದದ್ದು 2024ರ ಜುಲೈನಲ್ಲಿ. ಆಷಾಢ. ಮನೆ ಇಷ್ಟವಾಯಿತು, ಅಡ್ವಾನ್ಸ್ ಮಾತ್ರ ಶ್ರಾವಣದಲ್ಲಿ ಅಂದರು. ಅವರ ನಂಬಿಕೆ, ನಾವು ಕಾದೆವು. ಶ್ರಾವಣದಲ್ಲಿ ಕ್ರಯದ ಕರಾರು ಆಯಿತು, ನಾಲ್ಕು ತಿಂಗಳ ಗಡುವು. ಅಷ್ಟರಲ್ಲಿ ಅಕ್ಟೋಬರ್‌ನಿಂದ ರಿಜಿಸ್ಟ್ರೇಷನ್‌ಗೆ ಇ-ಖಾತಾ (ಖಾತೆಯ ಡಿಜಿಟಲ್ ರೂಪ) ಕಡ್ಡಾಯ ಅಂತ ಆಯಿತು. ಖಾತೆ ಆಗಲೇ ಬದುಕಿರುವ ನಾಲ್ಕೂ ಜನರ ಹೆಸರಿನಲ್ಲಿ ಇದ್ದದ್ದರಿಂದ ನಮಗೆ ಸ್ವಲ್ಪ ತಡವಾಯಿತು ಅಷ್ಟೆ. ಇನ್ನೂ ತೀರಿಕೊಂಡ ತಂದೆಯ ಹೆಸರಲ್ಲೇ ಖಾತೆ ಇಟ್ಟುಕೊಂಡಿದ್ದ ನಮ್ಮ ಪರಿಚಯದವರೊಬ್ಬರು ಮೊದಲಿನಿಂದ ಶುರು ಮಾಡಬೇಕಾಯಿತು. ಗಡುವು ಮೀರಿದಾಗ ಬಾಯಿಮಾತಿಗೆ ಬಿಡದೆ ಎರಡೂ ಕಡೆಯವರು ಹೊಸ ತಾರೀಖು ಬರೆದು ಸೈನ್ ಮಾಡಿದೆವು.

ತಂಗಿಗೆ ಬರಲು ರಜೆ ಸಿಗಲಿಲ್ಲ. ನನ್ನ ಹೆಸರಿಗೆ ಅಧಿಕಾರ ಪತ್ರ ಬರೆದು, ಅಲ್ಲಿ ನೋಟರಿ ಮುಂದೆ ಸೈನ್ ಮಾಡಿ, ಅಪೊಸ್ಟಿಲ್ (ಬೇರೆ ದೇಶದಲ್ಲೂ ಪತ್ರ ನಡೆಯುವಂತೆ ಅಲ್ಲಿನ ಸರ್ಕಾರದ ದೃಢೀಕರಣ) ಮಾಡಿಸಿ ಕಳಿಸಿದಳು. ಇಂಥ ಪತ್ರ ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಅದಕ್ಕೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಪತ್ರದಲ್ಲಿ ಈ ಒಂದು ಮನೆ, ಇಷ್ಟಕ್ಕಿಂತ ಕಡಿಮೆಗೆ ಮಾರುವಂತಿಲ್ಲ, ದುಡ್ಡು ಅವಳ ಎನ್‌ಆರ್‌ಒ (ಅನಿವಾಸಿಗಳಿಗೆ ಇಲ್ಲಿನ ಬ್ಯಾಂಕಿನಲ್ಲಿರುವ) ಖಾತೆಗೇ ಹೋಗಬೇಕು ಅಂತ ಸ್ಪಷ್ಟವಾಗಿ ಬರೆಸಿದೆವು. ಅಕ್ಕ ತಂಗಿಯ ನಡುವೆ ಇಷ್ಟೆಲ್ಲ ಯಾಕೆ ಅಂತ ಕೇಳಿದವರಿದ್ದರು. ಅಕ್ಕ ತಂಗಿ ಮುಂದೆಯೂ ಚೆನ್ನಾಗಿರಬೇಕು ಅಂತಲೇ ಹಾಗೆ ಬರೆಸಿದ್ದು.

ತೆರಿಗೆ ಲೆಕ್ಕಕ್ಕೆ ಆಡಿಟರ್ ಇಲ್ಲದಿದ್ದರೆ ನಾವು ಮುಳುಗಿಹೋಗುತ್ತಿದ್ದೆವು. ನಾವು ಮಾರಿದ ವರ್ಷದ ನಿಯಮ ಹೇಳುತ್ತೇನೆ. 50 ಲಕ್ಷ ಅಥವಾ ಮೇಲ್ಪಟ್ಟ ಮನೆ ಆದರೆ ಕೊಳ್ಳುವವರು ಕೊಡುವ ದುಡ್ಡಿನಲ್ಲೇ 1 ಪರ್ಸೆಂಟ್ ತೆರಿಗೆ (ಟಿಡಿಎಸ್) ಹಿಡಿಯಬೇಕು. ಅವರು ನಾಲ್ಕೂ ಜನಕ್ಕೆ 1 ಪರ್ಸೆಂಟ್ ಹಿಡಿಯಲು ಹೊರಟಿದ್ದರು. ತಂಗಿ ಅನಿವಾಸಿ. ಅವಳ ಪಾಲಿಗೆ 12.5 ಪರ್ಸೆಂಟ್ ಮತ್ತು ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ಕಡಿಮೆ ಹಿಡಿದಿದ್ದರೆ ನೋಟಿಸು ಬರುತ್ತಿದ್ದದ್ದು ಕೊಂಡವರಿಗೆ. ಅವಳು ನಮೂನೆ 13ರಲ್ಲಿ ಅರ್ಜಿ ಹಾಕಿ, ನಿಜವಾದ ಲಾಭಕ್ಕೆ ತಕ್ಕಷ್ಟೇ ಹಿಡಿಯಲು ಪ್ರಮಾಣಪತ್ರ ತಂದುಕೊಂಡಳು.

ನಮಗೆ ಇಲ್ಲಿರುವವರಿಗೆ ಲಾಭದ ಮೇಲಿನ ತೆರಿಗೆಗೆ ಎರಡು ದಾರಿ ಇದ್ದವು: ಇಂಡೆಕ್ಸೇಷನ್ (ಬೆಲೆಯೇರಿಕೆಗೆ ತಕ್ಕಂತೆ ಅಸಲನ್ನು ಹೆಚ್ಚಿಸಿ ಹಿಡಿಯುವುದು) ಇಲ್ಲದೆ 12.5 ಪರ್ಸೆಂಟ್, ಇಲ್ಲವೇ ಇಂಡೆಕ್ಸೇಷನ್ ಸಮೇತ 20. ಹಳೆಯ ಆಸ್ತಿಗೆ 2001ರ ಏಪ್ರಿಲ್ 1ರ ಬೆಲೆಯನ್ನು ಅಸಲು ಅಂತ ಹಿಡಿಯಬಹುದು. ಅದಕ್ಕೆ ವ್ಯಾಲ್ಯೂಯರ್ ರಿಪೋರ್ಟ್ ಮಾಡಿಸಿದೆವು. ಆ ವರ್ಷದ ಸೂಚ್ಯಂಕ 363, ಅಂದರೆ 2001ರ ಬೆಲೆಯ 3.63 ಪಟ್ಟು. ಎರಡೂ ಲೆಕ್ಕ ಹಾಕಿ ಕಡಿಮೆ ಬಂದದ್ದನ್ನು ಆರಿಸಿಕೊಂಡೆವು. ತಮ್ಮ ಅವನ ಲಾಭದ ದುಡ್ಡನ್ನು ಆರು ತಿಂಗಳೊಳಗೆ ಆ ತೆರಿಗೆ ಉಳಿಸುವ 54ಇಸಿ ಬಾಂಡಿಗೆ ಹಾಕಿದ. ಅದಕ್ಕೆ 50 ಲಕ್ಷದ ಮಿತಿ, ಐದು ವರ್ಷ ಮುಟ್ಟುವ ಹಾಗಿಲ್ಲ.

ಕ್ರಯಪತ್ರವನ್ನು ಕನ್ನಡದಲ್ಲೇ ಬರೆಸಿ ಅಂತ ನಾನು ಹಟ ಹಿಡಿದೆ. ಡ್ರಾಫ್ಟ್ ಬಂದಾಗ ವಕೀಲರು ನೋಡಿದ್ದರು, ನಾನೂ ನೋಡಿದ್ದೆ. ಅಮ್ಮ ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಚೆಕ್ಕುಬಂದಿ (ಸೈಟಿನ ನಾಲ್ಕು ದಿಕ್ಕಿನ ಗಡಿ) ಬಂದ ಕಡೆ ಬೆರಳು ನಿಂತಿತು. "ಟೀಚರ್ ಮನೆ ಇರೋದು ಬಡಗಲಿಗೆ, ಇಲ್ಲಿ ತೆಂಕಲಿಗೆ ಅಂತ ಬರೆದಿದ್ದಾರಲ್ಲ?" ಅಂದರು. ನಿಜ. ಉತ್ತರ ದಕ್ಷಿಣ ಅದಲುಬದಲಾಗಿತ್ತು. ರಿಜಿಸ್ಟರ್ ಆದ ಮೇಲೆ ಗೊತ್ತಾಗಿದ್ದರೆ ಎಲ್ಲರೂ ಮತ್ತೆ ಬಂದು ತಿದ್ದುಪಡಿ ಪತ್ರ ಮಾಡಬೇಕಿತ್ತು. ಆ ಮನೆಯಲ್ಲಿ 40 ವರ್ಷ ಬಾಳಿದವರು ಓದದೆ ಯಾವ ಪತ್ರವೂ ರಿಜಿಸ್ಟರ್ ಆಗಬಾರದು.

ಇನ್ನು ಕೊಂಡದ್ದರ ಕಥೆ. ಮಾರುವಾಗ ನಮ್ಮನ್ನು ಏನೇನು ಕೇಳಿದ್ದರೋ ಅದನ್ನೆಲ್ಲ ನಾನು ಫ್ಲಾಟಿನವರನ್ನು ಕೇಳಿದೆ. ಒಂಬತ್ತು ವರ್ಷದ ಕಟ್ಟಡ, ಎರಡು ರೂಮು, ಲಿಫ್ಟ್ ಇದೆ. ಮೂಲ ಜಾಗದ ಪತ್ರ, ವಾಸಯೋಗ್ಯ ಪ್ರಮಾಣಪತ್ರ, ನೆಲದಲ್ಲಿ ನಮ್ಮ ಅವಿಭಜಿತ ಪಾಲು ಎಷ್ಟು ಚದರಡಿ, ಫ್ಲಾಟ್ ಮಾಲೀಕರ ಸಂಘಕ್ಕೆ ಬಾಕಿ ಇಲ್ಲ ಅನ್ನುವ ಪತ್ರ. ಮಾರುವವರಿಗೆ ಬ್ಯಾಂಕ್ ಸಾಲ ಇತ್ತು. ಬ್ಯಾಂಕಿನಿಂದ ಬಾಕಿ ಎಷ್ಟು, ಯಾವ ಯಾವ ಮೂಲಪತ್ರ ಅವರ ಹತ್ತಿರ ಇದೆ ಅಂತ ಬರೆಸಿಕೊಂಡು, ಅಷ್ಟು ದುಡ್ಡನ್ನು ನೇರ ಸಾಲದ ಖಾತೆಗೇ ಕಟ್ಟಿದೆವು. ಬಿಡುಗಡೆ ಪತ್ರ ರಿಜಿಸ್ಟರ್ ಆಗುವವರೆಗೂ ನಾನು ಬೆನ್ನು ಬಿಡಲಿಲ್ಲ.

ಮೇ ತಿಂಗಳಲ್ಲಿ ಒಂದು ಸಂಜೆ ಜೋರು ಮಳೆ ಬಂತು. ಮಳೆ ನಿಂತ ಕೂಡಲೇ ಆಟೋ ಹಿಡಿದು ಫ್ಲಾಟಿಗೆ ಹೋದೆ. ಹಗಲು ಬಿಸಿಲಲ್ಲಿ ಕಾಣದಿದ್ದ ತೇವ ಒಂದು ರೂಮಿನ ಮೂಲೆಯಲ್ಲಿ ಅಂಗೈ ಅಗಲ ಕಾಣಿಸಿತು. ಅದನ್ನು ಸರಿ ಮಾಡಿಸಿಕೊಟ್ಟ ಮೇಲೇ ಅಡ್ವಾನ್ಸ್. ನೀರು ವಾರಕ್ಕೆಷ್ಟು ದಿನ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸುತ್ತಾರಾ ಅಂತ ವಾಚ್‌ಮ್ಯಾನ್‌ನನ್ನೂ ಮೇಲಿನ ಮನೆಯವರನ್ನೂ ಕೇಳಿದೆ. ಅಮ್ಮನನ್ನು ಕರೆದುಕೊಂಡು ಹೋಗಿ ತರಕಾರಿ ಅಂಗಡಿವರೆಗೆ ನಡೆಸಿದೆ. ನಡುವೆ ಒಂದು ಸಲ ಕೂತರು, ಸಾಕು ಇಷ್ಟು ದೂರ ಆಗುತ್ತೆ ಅಂದರು.

ಖರ್ಚಿನ ಲೆಕ್ಕದಲ್ಲಿ ರಿಜಿಸ್ಟ್ರೇಷನ್ ಮರೆಯಬೇಡಿ. 45 ಲಕ್ಷದ ಮೇಲಿನ ಆಸ್ತಿಗೆ ಮುದ್ರಾಂಕ ಶುಲ್ಕ 5 ಪರ್ಸೆಂಟ್, ನಗರದಲ್ಲಿ ಸೆಸ್ಸು ಸರ್‌ಚಾರ್ಜು ಸೇರಿ 5.6. ನಾವು ಕೊಂಡಾಗ ನೋಂದಣಿ ಶುಲ್ಕ 1 ಪರ್ಸೆಂಟ್ ಇತ್ತು. 2025ರ ಆಗಸ್ಟ್ 31ರಿಂದ ಅದು 2 ಆಯಿತು. ಒಂದು ಕೋಟಿಗೆ 7.6 ಲಕ್ಷ ಬೇರೆಯೇ ಎತ್ತಿಡಬೇಕು.

ಮೊದಲು ಫ್ಲಾಟನ್ನು ತಮ್ಮನ ಹೆಸರಿಗೆ ಮಾಡೋಣ, ಮುಂದೆ ಓಡಾಟ ತಪ್ಪುತ್ತೆ ಅಂದುಕೊಂಡಿದ್ದೆವು. ಆಡಿಟರ್ ತಡೆದರು. ಮನೆ ಮಾರಿ ಲಾಭ ಬಂದವರೇ ಹೊಸ ಮನೆ ಕೊಂಡರೆ ಮಾತ್ರ ಆ ಲಾಭಕ್ಕೆ ಸೆಕ್ಷನ್ 54ರ ತೆರಿಗೆ ವಿನಾಯಿತಿ ಅಂದರು. ಅಮ್ಮನ ಪಾಲು, ನನ್ನ ಪಾಲು ಎರಡನ್ನೂ ಹಾಕಿ ಫ್ಲಾಟನ್ನು ನಮ್ಮಿಬ್ಬರ ಹೆಸರಿಗೇ ಮಾಡಿಸಿದೆವು.

ಗೃಹಪ್ರವೇಶವಾದ ಎರಡನೇ ತಿಂಗಳು ಅಮ್ಮನೇ ಉಯಿಲಿನ ಮಾತು ತೆಗೆದರು. ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಹೋದೆವು. ಉಯಿಲಿಗೆ ರಿಜಿಸ್ಟ್ರೇಷನ್ ಕಡ್ಡಾಯವಲ್ಲ, ಆದರೂ ಮಾಡಿಸಿದೆವು. ಅದನ್ನೂ ಕನ್ನಡದಲ್ಲೇ ಬರೆಸಿದ್ದು. ಅಮ್ಮ ಬೆರಳಿಟ್ಟು ಓದಿದರು, ಚೆಕ್ಕುಬಂದಿ ಬಂದಾಗ ಎರಡು ಸಲ ಓದಿದರು, ಆಮೇಲೆ ಸೈನ್ ಹಾಕಿದರು.